ಪಿ0299 ಕಂಡ ಕೂಡಲೇ ಟರ್ಬೊಗೆ ಎಸ್ಟಿಮೇಟ್ ಹಾಕಬೇಡಿ

ಹೊಸ ಟರ್ಬೊ ಹಾಕಿಸಿಕೊಂಡ ಗಾಡಿ ಅದೇ ದೂರು ಹೊತ್ತು ಮತ್ತೆ ಲಿಫ್ಟ್ ಏರಿದಾಗ ಹೊಟ್ಟೆ ಉರಿಯುತ್ತದೆ. 1.3 ಲೀಟರ್ ಡೀಸೆಲ್ ಟ್ಯಾಕ್ಸಿ, ವಿಜಿಟಿ ಟರ್ಬೊ (ಎಕ್ಸಾಸ್ಟ್ ದಾರಿಯನ್ನು ಕಿರಿದು, ಅಗಲ ಮಾಡುವ ವೇನ್ ಎಂಬ ರೆಕ್ಕೆಗಳಿರುವ ಬಗೆ). ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಒಳಗೆ ಜನ, ಮೇಲೆ ಲಗೇಜು, ಎಸಿ ಆನ್. ಹಳದಿ ಚೆಕ್ ಲೈಟ್ ಬಂದು ಗಾಡಿ ಎಳೆಯುವುದನ್ನೇ ಬಿಡುತ್ತದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ 3000 ಆರ್‌ಪಿಎಂ ದಾಟುವುದಿಲ್ಲ. ಪಕ್ಕಕ್ಕೆ ಹಾಕಿ ಕೀ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ದೂರ ಸರಿ, ಮುಂದಿನ ಏರಿನಲ್ಲಿ ಮತ್ತೆ ಅದೇ ಕಥೆ. ಮೊದಲು ನೋಡಿದವರು ಸ್ಕ್ಯಾನರ್‌ನಲ್ಲಿ ಪಿ0299 ಎಂಬ ದೋಷದ ಕೋಡ್ ಬಂತೆಂದು ಟರ್ಬೊ ಬದಲಾಯಿಸಿ, ಸಪಾಟು ರಸ್ತೆಯಲ್ಲಿ ಖಾಲಿ ಗಾಡಿ ಟ್ರಯಲ್ ನೋಡಿ ಡೆಲಿವರಿ ಕೊಟ್ಟಿದ್ದರು. ಕೆಟ್ಟಿದ್ದದ್ದು ಇಂಟರ್‌ಕೂಲರ್‌ನಿಂದ (ಟರ್ಬೊದಿಂದ ಬಂದ ಗಾಳಿ ತಣಿಸುವ ಭಾಗ) ಇಂಜಿನ್ನಿನ ಇನ್‌ಟೇಕ್‌ಗೆ ಹೋಗುವ ರಬ್ಬರ್ ಹೋಸ್.

ಪಿ0299 ಹೇಳುವುದು ಇಷ್ಟೇ: ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕೇಳಿದಷ್ಟು ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಸಿಗುತ್ತಿಲ್ಲ. ಯಾಕೆ ಸಿಗುತ್ತಿಲ್ಲ ಎಂಬುದು ಅದಕ್ಕೂ ಗೊತ್ತಿಲ್ಲ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರ ಕೆಲವು ಸೆಕೆಂಡು ಹಾಗೇ ಉಳಿದರೆ ಇಂಜಿನ್ ಕಾಪಾಡಲು ಡೀಸೆಲ್ ಕಡಿತ ಮಾಡಿ ಲಿಂಪ್ ಮೋಡ್‌ಗೆ ಹೋಗುತ್ತದೆ. ಕೀ ಆಫ್ ಮಾಡಿದರೆ ಆ ಕಡಿತ ಹೋಗುತ್ತದೆ, ಕೋಡ್ ಮಾತ್ರ ಮೆಮೊರಿಯಲ್ಲಿ ಉಳಿಯುತ್ತದೆ.

ಮೊದಲ ಅನಾಹುತ ಆಗುವುದು ರಿಸೆಪ್ಷನ್‌ನಲ್ಲೇ. ಜಾಬ್ ಕಾರ್ಡ್‌ನಲ್ಲಿ 'ಪಿಕಪ್ ಇಲ್ಲ' ಎಂದು ಎರಡೇ ಪದ ಬರೆದು, ಲೈಟ್ ಆರಲಿ ಎಂದು ಕೋಡ್ ಇರೇಸ್ ಮಾಡಿ ಒಳಗೆ ಕಳಿಸುತ್ತಾರೆ. ಕೋಡ್ ಜೊತೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. ಲೈಟ್ ಬಂದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟು, ಸ್ಪೀಡ್, ಕೂಲೆಂಟ್ ಬಿಸಿ ಎಷ್ಟು, ಎಲ್ಲ ಅದರಲ್ಲಿರುತ್ತದೆ. 2400 ಆರ್‌ಪಿಎಂ, 95 ಶೇಕಡಾ ಲೋಡ್ ಎಂದಿದ್ದರೆ ಏರಿನಲ್ಲಿ ಒತ್ತಡ ಬಿದ್ದಾಗ ಮಾತ್ರ ಆಗುವ ತೊಂದರೆ ಎಂದು ಅರ್ಧ ದಾರಿ ಅಲ್ಲೇ ಸಾಗಿದ ಹಾಗೆ. ಸ್ಕ್ಯಾನರ್ ಹಾಕಿದ ತಕ್ಷಣ ಆ ಪರದೆಯ ಫೋಟೊ ಹೊಡೆದುಕೊಳ್ಳಿ. ಮ್ಯಾನೇಜರ್ ಸಂಜೆ ಆರಕ್ಕೆ ಡೆಲಿವರಿ ಎಂದು ಎಷ್ಟೇ ಅವಸರಪಡಿಸಿದರೂ ಇದನ್ನು ಬಿಡಬೇಡಿ.

ಮುಂದೆ ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಇನ್‌ಟೇಕ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ರೀಡಿಂಗ್ ನೋಡಿ. ಹೊರಗಿನ ಗಾಳಿಯ ಒತ್ತಡವನ್ನೇ ಅದು ತೋರಿಸಬೇಕು: ಮಂಗಳೂರಿನಲ್ಲಿ ಸುಮಾರು 101 ಕಿಲೊಪಾಸ್ಕಲ್, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಆಸುಪಾಸು. ಬೆಂಗಳೂರಿನಲ್ಲಿ 91 ಕಂಡು ಸೆನ್ಸರ್ ಹೋಗಿದೆ ಎನ್ನುವವರೂ ಇದ್ದಾರೆ. ರೀಡಿಂಗ್ ತೀರಾ ಬೇರೆಯಿದ್ದರೆ ಸೆನ್ಸರ್ ಬಿಚ್ಚಿ ನೋಡಿ, ತುದಿಗೆ ಮಸಿ ಮೆತ್ತಿಕೊಂಡಿರಬಹುದು.

ಆಮೇಲೆ ಕೈಗೂ ಟಾರ್ಚಿಗೂ ಕೆಲಸ. ಇಂಟರ್‌ಕೂಲರ್ ಹೋಸ್‌ಗಳ ಒಳಗೆ ಬ್ರೀದರ್‌ನಿಂದ (ಇಂಜಿನ್ ಒಳಗಿನ ಆವಿ ಹೊರಬಿಡುವ ಪೈಪು) ಬಂದ ಆಯಿಲ್ ಪಸೆ ಸದಾ ಇರುತ್ತದೆ. ಗಾಳಿ ಲೀಕ್ ಆಗುವ ಕಡೆ ಆ ಪಸೆ ಹೊರಬಂದು ಧೂಳು ಹಿಡಿದು ಕಪ್ಪು ಕಲೆ ಕಟ್ಟಿರುತ್ತದೆ. ಈ ಗಾಡಿಯಲ್ಲಿ ಸೀಳು ಇದ್ದದ್ದು ಹೋಸ್‌ನ ಕೆಳಮೈಯಲ್ಲಿ, ಕ್ಲ್ಯಾಂಪ್ ಪಕ್ಕದ ಮಡಿಕೆಯೊಳಗೆ. ಮೇಲಿಂದ ನೋಡಿದರೆ ಏನೂ ಕಾಣದು. ಕೈಯಲ್ಲಿ ಬಗ್ಗಿಸಿದರೆ ಉಗುರಿನಷ್ಟು ಬಾಯಿ ತೆರೆಯುತ್ತದೆ. ಐಡಲ್‌ನಲ್ಲಿ ಆ ಸೀಳು ಮುಚ್ಚಿಕೊಂಡಿರುತ್ತದೆ, ಬೂಸ್ಟ್ ಏರಿದಾಗ ಮಾತ್ರ ಬಿರಿಯುತ್ತದೆ. ಅನುಮಾನವಿದ್ದರೆ ಇಂಜಿನ್ ಆಫ್ ಇಟ್ಟು, ಟರ್ಬೊ ಇನ್‌ಲೆಟ್ ಮುಚ್ಚಿ, ರೆಗ್ಯುಲೇಟರ್ ಇಟ್ಟು 1 ಬಾರ್‌ಗಿಂತ ಕಡಿಮೆ ಗಾಳಿ ಬಿಟ್ಟು ಸೋಪು ನೀರು ಹಚ್ಚಿ. ಕಂಪ್ರೆಸರ್‌ನ 8 ಬಾರ್ ನೇರ ಬಿಟ್ಟರೆ ಚೆನ್ನಾಗಿರುವ ಸೀಲ್‌ಗಳೂ ಹೋಗುತ್ತವೆ.

ಹೋಸ್ ಸರಿಯಿದ್ದರೆ ವ್ಯಾಕ್ಯೂಮ್ ಕಡೆ ಬನ್ನಿ. ಇಂಥ ವಿಜಿಟಿಯಲ್ಲಿ ವ್ಯಾಕ್ಯೂಮ್ ಎಳೆದರೆ ವೇನ್ ಮುಚ್ಚಿ ಬೂಸ್ಟ್ ಏರುತ್ತದೆ, ವ್ಯಾಕ್ಯೂಮ್ ಇಲ್ಲದಿದ್ದರೆ ವೇನ್ ತೆರೆದೇ ಇರುತ್ತದೆ. ಕೈಪಂಪಿನಲ್ಲಿ ಆಕ್ಚುಯೇಟರ್‌ಗೆ (ರಾಡ್ ಎಳೆದು ವೇನ್ ತಿರುಗಿಸುವ ಡಬ್ಬಿ) 0.6 ಬಾರ್ ಎಳೆದು ಹಿಡಿಯಿರಿ. ರಾಡ್ ಒಂದೇ ಹದದಲ್ಲಿ ಪೂರ್ತಿ ಚಲಿಸಬೇಕು, ಒಂದು ನಿಮಿಷ ಪಂಪಿನ ಗೇಜ್ ಮುಳ್ಳು ಇಳಿಯಬಾರದು. ಮುಳ್ಳು ಇಳಿದರೆ ಡಯಾಫ್ರಮ್ ಹೋಗಿದೆ. ರಾಡ್ ನಡುವೆ ಸಿಕ್ಕಿಕೊಂಡರೆ ವೇನ್‌ಗೆ ಕಾರ್ಬನ್ ಕಟ್ಟಿದೆ. ಟರ್ಬೊ ಬಿಚ್ಚುವ ಮಾತು ಬರುವುದು ಆಗ. ಎರಡೂ ಸರಿಯಿದ್ದರೆ ಸಾಲಿನಾಯ್ಡ್ (ಆಕ್ಚುಯೇಟರ್‌ಗೆ ಹೋಗುವ ವ್ಯಾಕ್ಯೂಮ್ ಹತೋಟಿಯ ವಾಲ್ವ್) ಮತ್ತು ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ನೋಡಿ. ಎಕ್ಸಾಸ್ಟ್ ಬಿಸಿಗೆ ಆ ಪೈಪುಗಳ ತುದಿ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಕೊನೆಯ ತೀರ್ಪು ರೋಡ್ ಟೆಸ್ಟ್‌ನದು. ಒಬ್ಬರು ಓಡಿಸಲಿ, ಇನ್ನೊಬ್ಬರು ಸ್ಕ್ಯಾನರ್ ಹಿಡಿಯಲಿ. ಮೂರನೇ ಗೇರ್, 1500ರಿಂದ 3500ರವರೆಗೆ ಪೂರ್ತಿ ಒತ್ತಿ, ಏರು ರಸ್ತೆಯಾದರೆ ಉತ್ತಮ. ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಕೇಳಿದ ರೇಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್‌ನ ಒತ್ತಡ), ಸಿಕ್ಕ ರೇಲ್ ಪ್ರೆಶರ್, ಈ ನಾಲ್ಕನ್ನೇ ರೆಕಾರ್ಡ್ ಮಾಡಿ. ಜಾಸ್ತಿ ಆರಿಸಿದರೆ ಅಗ್ಗದ ಸ್ಕ್ಯಾನರ್ ನಿಧಾನವಾಗಿ ಮುಖ್ಯ ಗಳಿಗೆಯೇ ತಪ್ಪಿಹೋಗುತ್ತದೆ. ಈ ಗಾಡಿಯಲ್ಲಿ ಬೂಸ್ಟ್ (ಹೊರಗಿನ ಗಾಳಿಯ ಒತ್ತಡವೂ ಸೇರಿ) 190 ಕಿಲೊಪಾಸ್ಕಲ್‌ವರೆಗೆ ನೆಟ್ಟಗೆ ಏರಿ ಅಲ್ಲಿಂದ 150ಕ್ಕೆ ಒಮ್ಮೆಲೇ ಕುಸಿಯಿತು, ಬಾನೆಟ್ ಕೆಳಗಿಂದ 'ಉಸ್' ಎಂದು ಸದ್ದು, ಹಿಂದೆ ಕಪ್ಪು ಹೊಗೆ, ಲೈಟ್. ರೇಲ್ ಪ್ರೆಶರ್ ಅಲ್ಲಿಯವರೆಗೂ ಕೇಳಿದಷ್ಟೇ ಇತ್ತು.

ಯಾವುದು ಮೊದಲು ಬಿತ್ತು ಎಂಬುದನ್ನೇ ನೋಡಬೇಕು. ಡೀಸೆಲ್ ಕಡಿಮೆಯಾದರೆ ಎಕ್ಸಾಸ್ಟ್‌ಗೆ ಕಸುವಿಲ್ಲ, ಟರ್ಬೊ ತಿರುಗದು, ಆಗಲೂ ಬೂಸ್ಟ್ ಬೀಳುತ್ತದೆ. ರೇಲ್ ಮೊದಲು ಕುಸಿದಿದ್ದರೆ, ಇಲ್ಲವೇ ಪಿ0087 (ರೇಲ್ ಪ್ರೆಶರ್ ಸಾಲದು ಎನ್ನುವ ಕೋಡ್) ಜೊತೆಗಿದ್ದರೆ, ಡೀಸೆಲ್ ಫಿಲ್ಟರ್ ನೀರು ಇಳಿಸಿ ನೋಡಿ, ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರ್‌ಗಳಿಂದ ಹಿಂದಕ್ಕೆ ಹರಿಯುವ ಡೀಸೆಲ್) ಅಳೆಯಿರಿ, ಟರ್ಬೊ ಮುಟ್ಟಬೇಡಿ. ಡಿಪಿಎಫ್ (ಎಕ್ಸಾಸ್ಟ್‌ನ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಗಾಡಿಯಾದರೆ ಡಿಫರೆನ್ಷಿಯಲ್ ಪ್ರೆಶರ್ (ಆ ಫಿಲ್ಟರ್‌ನ ಎರಡು ಬದಿಯ ಒತ್ತಡದ ಅಂತರ) ಕೂಡ ಪರೀಕ್ಷಿಸಿ. ಇಂಜಿನ್ ಆಫ್ ಇದ್ದಾಗ ಅದು ಸೊನ್ನೆ ತೋರಿಸಬೇಕು.

ಹೋಸ್ ಹಾಕಿದ ಮೇಲೆ ಕೋಡ್ ಅಳಿಸಿ, ಇಂಜಿನ್ ಬಿಸಿಯಾದ ಮೇಲೆ ಫ್ರೀಜ್ ಫ್ರೇಮ್‌ನಲ್ಲಿದ್ದ ಆರ್‌ಪಿಎಂ, ಅದೇ ಲೋಡ್ ಬರುವ ಹಾಗೆ ಏರಿನಲ್ಲಿ ಓಡಿಸಿ. ಸಿಕ್ಕ ಬೂಸ್ಟ್ ಕೇಳಿದ ಬೂಸ್ಟ್‌ನ ಬೆನ್ನಿಗೇ 200 ದಾಟಿ ನಿಂತರೆ ಆ ಗ್ರಾಫನ್ನು ಜಾಬ್ ಕಾರ್ಡ್‌ಗೆ ಲಗತ್ತಿಸಿ ಗಾಡಿ ಕೊಡಿ.