‘ವಿಗತಕುಮಾರನ್’ ಎಲ್ಲಾದರೂ ಸಿಕ್ಕೀತೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮೂಕಿ ಚಿತ್ರಗಳ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ನ ಒಂದು ರೀಲಾದರೂ ಯಾರದಾದರೂ ಅಟ್ಟದಲ್ಲಿ ಉಳಿದಿರಬಹುದಲ್ಲವೇ? ಉಳಿದಿರುವ ಸಂಭವ ತೀರಾ ಕಡಿಮೆ. ಯಾಕೆಂದು ತಿಳಿಯಬೇಕಾದರೆ ಅದು ತಯಾರಾದ ಬಗೆಯನ್ನೇ ನೋಡಬೇಕು.

ದಂತವೈದ್ಯ ಜೆ.ಸಿ. ಡೇನಿಯಲ್ ಜಮೀನು ಮಾರಿ ತಿರುವನಂತಪುರದಲ್ಲಿ ‘ಟ್ರಾವಂಕೂರ್ ನ್ಯಾಷನಲ್ ಪಿಕ್ಚರ್ಸ್’ ಕಟ್ಟಿದರು. ಪುರಾಣದ ಕಥೆಗಳೇ ಓಡುತ್ತಿದ್ದ ಕಾಲದಲ್ಲಿ ಅವರು ಆರಿಸಿಕೊಂಡದ್ದು ಕಣ್ಣೀರಿನ ಸಾಮಾಜಿಕ ಕಥೆ. ಸಿರಿವಂತರ ಮನೆಯ ಹುಡುಗನನ್ನು ಕದ್ದು ಸಿಲೋನಿಗೆ ಒಯ್ಯುತ್ತಾರೆ. ಅಲ್ಲಿನ ತೋಟದಲ್ಲಿ ದುಡಿದು ದೊಡ್ಡವನಾದವನು ಊರಿಗೆ ಮರಳಿದಾಗ ಬೆನ್ನಿನ ಕಲೆಯಿಂದ ಗುರುತು ಹತ್ತುತ್ತದೆ. ಕಥೆ, ನಿರ್ದೇಶನ, ನಾಯಕನ ಪಾತ್ರ ಎಲ್ಲವೂ ಡೇನಿಯಲ್ ಅವರದೇ.

ಆಗಿನ ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದ ತಿರುಗಿಸಬೇಕು. ಒಂದು ಸುತ್ತಿಗೆ 8 ಫ್ರೇಮ್, ಅಂದರೆ 8 ಬಿಡಿ ಚಿತ್ರ. ಸೆಕೆಂಡಿಗೆ ಎರಡು ಸುತ್ತು ಹಾಕಿದರೆ 16. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮ್ ಇರುವುದರಿಂದ ಸೆಕೆಂಡಿಗೆ ಒಂದು ಅಡಿ ಖರ್ಚು. ಸಾವಿರ ಅಡಿಯ ರೀಲು 17 ನಿಮಿಷದೊಳಗೆ ಮುಗಿಯುತ್ತದೆ. ಚಿತ್ರ ತೆಗೆಯುವಾಗ ಕೈ ನಿಧಾನವಾದರೆ ಪರದೆಯ ಮೇಲೆ ಪಾತ್ರಗಳು ಓಡುತ್ತವೆ, ಜೋರಾದರೆ ತೇಲುತ್ತವೆ. ನಿರ್ದೇಶಕನೇ ನಾಯಕನಾದಾಗ ಹಿಡಿಕೆ ಇನ್ನೊಬ್ಬರ ಕೈಯಲ್ಲಿ, ಅದೇ ಲಯದಲ್ಲಿ ತಿರುಗಬೇಕು. ಆ ಕಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣದು. ತುಟಿ ಕಪ್ಪಾಗುತ್ತದೆ, ನೀಲಿ ಆಕಾಶ ಬೆಳ್ಳಗೆ ಸುಟ್ಟಂತಾಗುತ್ತದೆ.

ನಾಯರ್ ಹೆಣ್ಣಿನ ಪಾತ್ರ ಮಾಡಿದವರು ದಲಿತ ಸಮುದಾಯದ ಪಿ.ಕೆ. ರೋಸಿ. ಕ್ಯಾಪಿಟಲ್ ಥಿಯೇಟರಿನ ಮೊದಲ ಪ್ರದರ್ಶನದಲ್ಲಿ ಮೇಲ್ಜಾತಿಯವರು ಅದನ್ನು ಸಹಿಸದೆ ಪರದೆಗೆ ಕಲ್ಲು ತೂರಿದರು. ರೋಸಿ ಊರನ್ನೇ ಬಿಡಬೇಕಾಯಿತು. ಆ ಪ್ರದರ್ಶನ ನಡೆದದ್ದು 1928ರ ನವೆಂಬರ್ 7ರಂದು ಎಂದು ಬಹುಕಾಲ ಬರೆದುಕೊಂಡು ಬಂದರು; 1930ರ ಅಕ್ಟೋಬರ್ 23 ಎಂಬ ವಾದವೂ ಇದೆ. ದಿನಾಂಕದ ಜಗಳಕ್ಕಿಂತ ನನ್ನನ್ನು ಕಾಡುವುದು ರೋಸಿಯವರ ನಟನೆಯ ಒಂದು ಕ್ಷಣವೂ ಇಂದು ನೋಡಲು ಸಿಗದಿರುವುದು. ಚಿತ್ರ ಸೋತಿತು, ಡೇನಿಯಲ್ ಮತ್ತೆ ಹಲ್ಲಿನ ವೈದ್ಯಕ್ಕೆ ಮರಳಿದರು. ಮನೆಯಲ್ಲಿದ್ದ ಫಿಲ್ಮನ್ನು ಚಿಕ್ಕಂದಿನಲ್ಲಿ ಆಟಕ್ಕೆಂದು ಸುಟ್ಟೆ ಎಂದು ಅವರ ಮಗನೇ ಮುಂದೆ ಹೇಳಿದ್ದಾರೆ.

ಆ ಹುಡುಗ ಸುಡದಿದ್ದರೂ ಅದು ಉಳಿಯುವುದು ಕಷ್ಟವೇ ಇತ್ತು. ಆಗಿನ ಫಿಲ್ಮಿನ ಪಟ್ಟಿಯನ್ನು ಮಾಡುತ್ತಿದ್ದ ಸೆಲ್ಯುಲೋಸ್ ನೈಟ್ರೇಟ್ ತನ್ನ ಆಮ್ಲಜನಕವನ್ನು ತಾನೇ ಒದಗಿಸಿಕೊಂಡು ನೀರಿನೊಳಗೂ ಉರಿಯುತ್ತದೆ. ಕರಾವಳಿಯ ಸೆಕೆ, ತೇವದಲ್ಲಿ ಬೇಗ ಕೊಳೆಯುತ್ತದೆ: ಮೊದಲು ಚಿತ್ರ ಮಾಸಿ ಹಳದಿಯಾಗುತ್ತದೆ, ಆಮೇಲೆ ಸುತ್ತುಗಳು ಅಂಟಿಕೊಳ್ಳುತ್ತವೆ, ಗುಳ್ಳೆ ಏಳುತ್ತದೆ, ಗಟ್ಟಿ ಮುದ್ದೆಯಾಗಿ ಕೊನೆಗೆ ಕಂದು ಪುಡಿ. ಫಿಲ್ಮಿನ ಲೇಪದಲ್ಲಿರುವ ಬೆಳ್ಳಿಗಾಗಿ ಕರಗಿಸಿದ ರೀಲುಗಳೂ ಬೇಕಾದಷ್ಟು. ಭಾರತದಲ್ಲಿ ತಯಾರಾದ 1300ಕ್ಕೂ ಹೆಚ್ಚು ಮೂಕಿಗಳಲ್ಲಿ 30ರಷ್ಟೂ ಉಳಿದಿಲ್ಲ. ಟಾಕಿಗಳ ಗತಿಯೂ ಇದೇ: ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ (1934) ಕೂಡ ಕಳೆದುಹೋಗಿದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ.

ಹಾಗಿದ್ದೂ ನಿಮ್ಮ ಅಟ್ಟದಲ್ಲಿ ತುಕ್ಕು ಹಿಡಿದ ಡಬ್ಬಿ ಸಿಕ್ಕಿದರೆ ಮೂಗಿಗೆ ತೀರಾ ಹತ್ತಿರ ಹಿಡಿಯಬೇಡಿ, ಕಿಟಕಿ ತೆರೆದಿಟ್ಟು ಮುಚ್ಚಳ ತೆಗೆಯಿರಿ. ವಿನೆಗರ್ ವಾಸನೆ ಬಂದರೆ ಅದು ನೈಟ್ರೇಟಿನ ಬದಲಿಗೆ ಬಂದ ಅಸಿಟೇಟ್ ಫಿಲ್ಮು, ಬಹುಪಾಲು ಮೂಕಿ ಕಾಲದ್ದಲ್ಲ. 1951ಕ್ಕಿಂತ ಹಿಂದಿನ 35 ಮಿ.ಮೀ. ಫಿಲ್ಮಾದರೆ ನೈಟ್ರೇಟ್ ಎಂದೇ ತಿಳಿಯಿರಿ. ತುಂಡು ಸುಟ್ಟು ಪರೀಕ್ಷಿಸಬಾರದು. ಕೊಳೆತ ನೈಟ್ರೇಟ್ 41 ಡಿಗ್ರಿಯ ಆಸುಪಾಸಿನ ಬಿಸಿಲಿಗೇ ಹೊತ್ತಿಕೊಂಡೀತು. ಅಂಟಿದ ಸುತ್ತನ್ನು ಎಳೆಯಬಾರದು, ಪ್ರೊಜೆಕ್ಟರಿಗೆ ಹಾಕಲೇಬಾರದು, ಗಾಳಿಯಾಡದಂತೆ ಮುಚ್ಚಲೂಬಾರದು. ತಂಪಾದ ನೆರಳಿನಲ್ಲಿಟ್ಟು, ಸಡಿಲವಾದ ತುದಿಯ ನಾಲ್ಕಾರು ಫ್ರೇಮುಗಳನ್ನು ಹಗಲು ಬೆಳಕಿಗೆ ಹಿಡಿದು, ಅಂಚಿನ ಅಕ್ಷರಗಳೂ ಬರುವಂತೆ ಫೋಟೊ ತೆಗೆದು ಪುಣೆಯ ಸಂಗ್ರಹಾಲಯಕ್ಕೆ ಬರೆಯಿರಿ. ಅಂಚೆಗೋ ಕೊರಿಯರಿಗೋ ಹಾಕಬೇಡಿ. ಹೇಗೆ ಸಾಗಿಸಬೇಕೆಂದು ಅವರೇ ಹೇಳುತ್ತಾರೆ.