ಗಾಜಿನ ಮನೆಯಲ್ಲಿ ಮದುವೆ: ಮುಂಗಡ ಕೊಡುವ ಮೊದಲು

ಫೋಟೋ ನೋಡಿ ಗಾಜಿನ ಮನೆ ಗೊತ್ತು ಮಾಡಬೇಡಿ. ಫೋಟೋದಲ್ಲಿ ಬೆಳಕು ಕಾಣುತ್ತದೆ, ಸೆಕೆ ಕಾಣುವುದಿಲ್ಲ. ಮದುವೆ ಯಾವ ಹೊತ್ತಿಗೋ ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಋತುವಿನಲ್ಲಿ, ಮೋಡವಿಲ್ಲದ ದಿನ ಹೋಗಿ. ಒಂದು ಥರ್ಮಾಮೀಟರನ್ನು ಕೂತವರ ತಲೆಯ ಎತ್ತರಕ್ಕೆ, ಬಿಸಿಲು ತಾಗದ ಕಡೆ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಖಾಲಿ ಇರುವಾಗಲೇ ಹೊರಗಿನ ನೆರಳಿಗಿಂತ ನಾಲ್ಕೈದು ಡಿಗ್ರಿ ಜಾಸ್ತಿ ಇದ್ದರೆ, ಜನ ತುಂಬಿದ ಮೇಲೆ ಕೂರಲು ಕಷ್ಟ.

ಲೆಕ್ಕ ಸರಳವಾಗಿದೆ. ಸುಡುಬಿಸಿಲು ಚದರ ಮೀಟರಿಗೆ ಸುಮಾರು 1000 ವಾಟ್ ಶಾಖ ತರುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ 200 ಚದರ ಮೀಟರ್ ಚಾವಣಿಗೆ ಬೀಳುವುದು 200 ಕಿಲೋವಾಟ್; ಅರ್ಧವೇ ಒಳಗೆ ಬಂತೆಂದರೂ 100. ಸುಮ್ಮನೆ ಕೂತವರ ಮೈಯಿಂದಲೂ ತಲಾ 100 ವಾಟ್ ಹೊರಡುತ್ತದೆ, 150 ಜನರಿಗೆ ಇನ್ನೂ 15 ಕಿಲೋವಾಟ್. ಒಂದೂವರೆ ಟನ್ನಿನ ಒಂದು ಎಸಿ ಹೊರಹಾಕುವುದು 5 ಕಿಲೋವಾಟ್ ಚಿಲ್ಲರೆ. ಅಂದರೆ ಇಪ್ಪತ್ತಕ್ಕೂ ಹೆಚ್ಚು ಎಸಿ ಬೇಕು. "ನಾಲ್ಕು ಎಸಿ ಹಾಕಿಸಿದ್ದೇವೆ" ಎಂಬ ಭರವಸೆಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.

ಹಾಗಾಗಿ ಎಸಿಗಿಂತ ಮೊದಲು ನೆರಳು ಮತ್ತು ಗಾಳಿ ಕೇಳಿ. ಶೇಡ್ ನೆಟ್ ಗಾಜಿನ ಹೊರಗಿರಬೇಕು. ಒಳಗೆ ಪರದೆ ಕಟ್ಟಿದರೆ ಕಣ್ಣಿಗೆ ತಂಪು ಅಷ್ಟೇ, ಬಿಸಿ ಆಗಲೇ ಗಾಜು ದಾಟಿ ಬಂದಿರುತ್ತದೆ. ಗಾಳಿಗೆ ಮಾಡಿನ ತುದಿಯಲ್ಲೂ ಗೋಡೆಯ ಬುಡದಲ್ಲೂ ಕಿಂಡಿಗಳಿರಬೇಕು. ಬಿಸಿಗಾಳಿ ಮೇಲಿಂದ ಹೋದರೆ ತಾನೇ ಕೆಳಗಿಂದ ಹೊಸ ಗಾಳಿ ಬರುವುದು? ಮೇಲೆ ದಾರಿ ಇಲ್ಲದೆ ಫ್ಯಾನ್ ಮಾತ್ರ ಇಟ್ಟರೆ ಅದೇ ಬಿಸಿಗಾಳಿ ಸುತ್ತುತ್ತದೆ. ಕಿಂಡಿಗಳನ್ನು ನಿಮ್ಮ ಎದುರಿಗೇ ತೆಗೆಸಿ. ಹಳೆಯ ಕಟ್ಟಡಗಳಲ್ಲಿ ಬಣ್ಣದ ಮೇಲೆ ಬಣ್ಣ ಬಳಿದು ಚೌಕಟ್ಟು ಅಂಟಿಕೊಂಡಿರುತ್ತದೆ, ತಿರುಗಿಸುವ ಹಿಡಿಗೆ ತುಕ್ಕು ಹಿಡಿದಿರುತ್ತದೆ.

ಇನ್ನು ಬೆಳಕು. ಚಾವಣಿಯ ಪಟ್ಟಿಗಳ ನೆರಳು ಮುಖದ ಮೇಲೆ ಗೆರೆ ಎಳೆದಂತೆ ಬೀಳುತ್ತದೆ: ಒಂದು ಕಣ್ಣು ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ. ಯಾವ ಕ್ಯಾಮೆರಾಗೂ ಅದು ಕಷ್ಟವೇ. ವಧೂವರರು ಕೂರುವ ಜಾಗದ ಮೇಲೆ ತೆಳುವಾದ ಬಿಳಿ ಬಟ್ಟೆ ಕಟ್ಟಿದರೆ ಬೆಳಕು ಹರಡಿಕೊಳ್ಳುತ್ತದೆ. ರಾತ್ರಿಯಾದರೆ ಗೋಡೆಗಳೆಲ್ಲ ಕನ್ನಡಿಯಾಗುತ್ತವೆ, ಪ್ರತಿ ಫ್ಲಾಶೂ ಹಿಂದಿನ ಗಾಜಿನಲ್ಲಿ ಕಾಣುತ್ತದೆ. ಹೊರಗಿನ ಗಿಡಗಳಿಗೆ ದೀಪ ಹಾಕಿಸಿದರೆ ಪ್ರತಿಬಿಂಬ ಮಸುಕಾಗುತ್ತದೆ. ಹಗಲಲ್ಲಿ ಪ್ರೊಜೆಕ್ಟರ್ ತರಿಸುವುದು ದಂಡ.

ಹೊರಗೆ ಚಳಿ ಇದ್ದರೆ ಉಸಿರಿನ ತೇವವೆಲ್ಲ ಒಂದೇ ಪದರದ ಗಾಜಿಗೆ ತಾಗಿ ನೀರಾಗಿ ತಲೆಯ ಮೇಲೆ ತೊಟ್ಟಿಕ್ಕುತ್ತದೆ. ಸೋರುತ್ತಿದೆ ಎಂದು ಗಾಬರಿಯಾಗಬೇಡಿ, ಮೇಲಿನ ಕಿಂಡಿ ಒಂದಿಷ್ಟು ತೆರೆಸಿ.

ಧ್ವನಿಯ ಪರೀಕ್ಷೆಗೆ ಒಂದು ಚಪ್ಪಾಳೆ ಸಾಕು. ಸದ್ದು ಎಳೆದುಕೊಂಡು ಹೋದರೆ ಮೈಕಿನ ಮಾತು ಕಲಸಿಹೋಗುತ್ತದೆ. ಎರಡು ದೊಡ್ಡ ಸ್ಪೀಕರ್ ಬದಲು ಸಣ್ಣವು ಆರೆಂಟನ್ನು ಜನರ ಕಡೆಗೆ ತಿರುಗಿಸಿ, ಸದ್ದು ಕಡಿಮೆ ಇಡಿ. ನೆಲಕ್ಕೆ ಜಮಖಾನ ಇದ್ದರೆ ಇನ್ನೂ ಒಳ್ಳೆಯದು. ಚಾವಣಿ ಗಾಜಿನ ಬದಲು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಹಾಳೆಯದಾದರೆ ಜೋರು ಮಳೆಯಲ್ಲಿ ಏನೂ ಕೇಳಿಸದು.

ತಲೆಯ ಮೇಲಿನ ಗಾಜು ಲ್ಯಾಮಿನೇಟೆಡ್ (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು) ಹೌದೋ ಎಂದು ಕೇಳಲೇಬೇಕು. ಅದು ಒಡೆದರೂ ಚೂರುಗಳು ನಡುವಿನ ಪದರಕ್ಕೆ ಕಚ್ಚಿಕೊಂಡಿರುತ್ತವೆ. ಬರೀ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಆದರೆ ಹರಳು ಹರಳಾಗಿ ಸುರಿಯುತ್ತದೆ. ಗಾಜು ಹಿಡಿದ ಪಟ್ಟಿಗಳಿಗೆ ಹೂವಿನ ಅಲಂಕಾರ, ದೀಪದ ಗೊಂಚಲು ತೂಗುಹಾಕಲು ಬಿಡಬೇಡಿ. ಅವು ಗಾಜು ಹೊರಲು ಇರುವಂಥವು. ನೆಲದ ಮೇಲೆ ನಿಲ್ಲುವ ಚೌಕಟ್ಟು ಹಾಕಿಸಿ.

ಗಿಡಗಳಿರುವ ಗಾಜಿನ ಮನೆಯಾದರೆ ಕೀಟನಾಶಕ ಯಾವಾಗ ಹೊಡೆಯುತ್ತಾರೆ ಎಂದು ವಿಚಾರಿಸಿ. ಹಾಗೆಯೇ ನೀರು ಚಿಮುಕಿಸುವ ಟೈಮರನ್ನು ಆ ದಿನಕ್ಕೆ ಆಫ್ ಮಾಡುವವರು ಯಾರು ಎಂಬುದನ್ನು ಕರಾರಿನಲ್ಲೇ ಬರೆಸಿ.