ಕೇಳದೆ ಬರುವ ಪುಟ್ಟ ಬಟ್ಟಲು

ಊರಿಂದ ಟೋಕಿಯೊಗೆ ಬರುವ ನಮ್ಮವರು ಶಿಂಜುಕುವಿನ ಗೋಲ್ಡನ್ ಗಾಯ್ ಎಂಬ ಪುಟ್ಟ ಬಾರುಗಳ ಓಣಿಗಳಿಗೆ ಹೋಗಿಬಂದ ಮೇಲೆ ಹೇಳುವ ದೂರು ಒಂದೇ: "ಕೇಳದೇ ಇದ್ದದ್ದನ್ನ ತಂದಿಟ್ಟು ಬಿಲ್ಲಿಗೆ ಸೇರಿಸಿಬಿಟ್ರು." ಮೊನ್ನೆ ಮೈಸೂರಿನ ಹಿರಿಯರೊಬ್ಬರು ಬಾರಿನೊಳಗೇ ಸಿಟ್ಟಾದರು. ಎರಡು ಚಮಚ ಪಲ್ಯಕ್ಕೆ 500 ಯೆನ್, ಅಂದರೆ ಹತ್ತಿರಹತ್ತಿರ 300 ರೂಪಾಯಿ. ಪಕ್ಕದ ಸ್ಟೂಲಿನಲ್ಲಿದ್ದ ಅಜ್ಜ, ಅಲ್ಲಿನ ಹಳೇ ಗಿರಾಕಿ, ವಿಷಯ ಏನೆಂದು ಕೇಳಿ ತಿಳಿದುಕೊಂಡು, "ಅದು ತಿಂಡಿಯ ದುಡ್ಡಲ್ಲ, ನೀವು ಕೂತ ಜಾಗದ್ದು" ಅಂದರು. ಇಷ್ಟು ಗೊತ್ತಿದ್ದರೆ ಅಲ್ಲಿನ ಮಿಕ್ಕ ಲೆಕ್ಕ ತಾನಾಗಿ ತಿಳಿಯುತ್ತದೆ.

ಜಾಗ ಅಂದರೆ ಎಷ್ಟು? ಆರು ಓಣಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಾರುಗಳಿವೆ. ಹೆಚ್ಚಿನವು ಮೂರೂವರೆಯಿಂದ ನಾಲ್ಕೂವರೆ ತ್ಸುಬೊ, ನಮ್ಮ ಅಳತೆಯಲ್ಲಿ 125ರಿಂದ 160 ಚದರಡಿ. ಮಹಾಯುದ್ಧದ ನಂತರದ ಕಾಳಸಂತೆಯ ಕಾಲದಿಂದ ಬಂದ ಕೇರಿ ಇದು. 1980ರ ದಶಕದಲ್ಲಿ ಭೂಮಿಯ ಬೆಲೆ ಗಗನಕ್ಕೇರಿ ಸುತ್ತಲೆಲ್ಲ ಎತ್ತರದ ಕಟ್ಟಡ ಎದ್ದರೂ ಈ ಮರದ ಮಾಳಿಗೆಗಳು ಜಗ್ಗಲಿಲ್ಲ. ಒಂದು ಬಾರಿಗೆ ಏಳೆಂಟು ಸ್ಟೂಲು, ಕೌಂಟರಿನ ಹಿಂದೆ ಒಬ್ಬರೇ. ಅವರಿಗೆ ಹುಚ್ಚು ಯಾವುದರದ್ದೋ ಬಾರು ಅದರದ್ದೇ. 'ಡೆತ್‌ಮ್ಯಾಚ್ ಇನ್ ಹೆಲ್' ಎಂಬಲ್ಲಿ ಗೋಡೆಯಿಂದ ಚಾವಣಿಯವರೆಗೂ ದೆವ್ವದ ಸಿನಿಮಾ ಪೋಸ್ಟರುಗಳು, ಕಿವಿಗೆ ಹೆವಿ ಮೆಟಲ್. ಇನ್ನೊಂದು ಡಾಕ್ಟರ ಶಾಪಿನ ವೇಷದಲ್ಲಿದೆ.

ಏಳೆಂಟು ಜನ ಒಂದೊಂದು ಗ್ಲಾಸ್ ಹಿಡಿದು ಎರಡು ಗಂಟೆ ಕೂತರೆ ಬಾಡಿಗೆಯೂ ಹುಟ್ಟದು. ಅದಕ್ಕೇ ತಲೆಗೆ ಇಷ್ಟೆಂದು 500ರಿಂದ 1,500 ಯೆನ್ ಚಾರ್ಜ್. ಅದರ ಜೊತೆಗೆ ಬರುವುದು ಒತೋಶಿ, ಆ ಪುಟ್ಟ ಬಟ್ಟಲು. ಕೆಲವು ಕಡೆ ಚಾರ್ಜ್ ಇಲ್ಲವೇ ಇಲ್ಲ, ಬಾಗಿಲಲ್ಲೇ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಕೂರುವ ಮುಂಚೆ "ಚಾಜಿ ಇಕುರಾ ದೆಸ್ ಕಾ" ಎಂದು ಕೇಳಿ. ಕೂತ ಮೇಲೆ ಬೇಡ ಅನ್ನುವುದು ಸಲ್ಲ.

ಬಟ್ಟಲಲ್ಲಿ ಏನಿರಬೇಕು ಅನ್ನುವುದನ್ನೂ ಜಾಗವೇ ತೀರ್ಮಾನಿಸುತ್ತದೆ. ಒಂದು ಒಲೆ, ಒಬ್ಬರ ಕೈ. ಗಿರಾಕಿ ಬಂದ ಮೇಲೆ ಒಗ್ಗರಣೆ ಹಾಕುತ್ತ ನಿಲ್ಲಲಾಗದು, ಸಂಜೆ ಬಾಗಿಲು ತೆರೆಯುವ ಮೊದಲೇ ಮಾಡಿಟ್ಟು ತಣ್ಣಗೆ ಬಡಿಸುವಂಥದ್ದೇ ಬೇಕು. ಕಿನ್‌ಪಿರಾ ಇದಕ್ಕೆ ಹೇಳಿ ಮಾಡಿಸಿದ ಪಲ್ಯ. ಗೋಬೊ ಎಂಬ ಉದ್ದನೆಯ ಬೇರು 150 ಗ್ರಾಂ, ಕ್ಯಾರೆಟ್ 50 ಗ್ರಾಂ, ಎರಡನ್ನೂ ಕಡ್ಡಿಕಡ್ಡಿಯಾಗಿ ಹೆಚ್ಚಿಕೊಳ್ಳಬೇಕು. ಗೋಬೊ ಕಪ್ಪಾಗದಂತೆ ಐದು ನಿಮಿಷ ನೀರಿನಲ್ಲಿಡಿ. ಹೆಚ್ಚು ಹೊತ್ತು ಬಿಟ್ಟರೆ ಅದರ ಮಣ್ಣಿನ ಘಮ ನೀರಿಗೆ ಹೋಗುತ್ತದೆ. ಚೆನ್ನಾಗಿ ಬಸಿದು, ಒಂದು ದೊಡ್ಡ ಚಮಚ ಹುರಿದೆಳ್ಳಿನ ಎಣ್ಣೆಯಲ್ಲಿ ಒಣಮೆಣಸಿನಕಾಯಿಯ ಜೊತೆ ಜೋರು ಉರಿಯಲ್ಲಿ ಮೂರು ನಿಮಿಷ ಬಾಡಿಸಿ. ಸೋಯಾ ಸಾಸ್, ಮಿರಿನ್ (ಅಡುಗೆಗೆ ಬಳಸುವ ಸಿಹಿ ಅಕ್ಕಿಮದ್ಯ) ತಲಾ ಒಂದೂವರೆ ದೊಡ್ಡ ಚಮಚ, ಸಕ್ಕರೆ ಎರಡು ಚಿಕ್ಕ ಚಮಚ ಹಾಕಿ ರಸ ಪೂರ್ತಿ ಇಂಗುವವರೆಗೆ ಕೈಯಾಡಿಸಿ, ಮೇಲೆ ಎಳ್ಳು ಉದುರಿಸಿ. ಉರಿ ಸಣ್ಣದಾದರೆ ನೀರು ಬಿಟ್ಟುಕೊಂಡು ಮೆತ್ತಗಾಗುತ್ತದೆ, ಕರುಂ ಅನ್ನುವ ಗುಣವೇ ಹೋಯಿತು. ಇಷ್ಟಕ್ಕೆ ಐದಾರು ಬಟ್ಟಲು, ಫ್ರಿಜ್ಜಿನಲ್ಲಿ ಎರಡು ಮೂರು ದಿನ ಕೆಡುವುದಿಲ್ಲ.

ಸಸ್ಯಾಹಾರಿಗಳು ಎಡವುವುದು ಇಲ್ಲೇ. ಕಣ್ಣಿಗೆ ಬರೀ ತರಕಾರಿ, ಆದರೆ ದಾಶಿ ಬಿದ್ದಿರಬಹುದು. ದಾಶಿ ಅಂದರೆ ಹೆಚ್ಚಾಗಿ ಒಣಗಿಸಿದ ಬೊನಿಟೊ ಮೀನಿನ ಚಕ್ಕೆ ಹಾಕಿ ತೆಗೆದ ಸಾರ. ಬೇಯಿಸಿದ ಪಾಲಕ್ ಸೊಪ್ಪಿಗೂ ಅದೇ, ತಣ್ಣನೆಯ ತೋಫುವಿನ ಮೇಲೂ ಅದೇ ಚಕ್ಕೆ. ಆಲೂಗಡ್ಡೆ ಸಲಾಡಿನಲ್ಲಿ ಹೆಚ್ಚಾಗಿ ಹ್ಯಾಮ್ ಇರುತ್ತದೆ. "ನಿಕು" ಬೇಡ ಎಂದರೆ ಮಾಂಸ ಮಾತ್ರ ಬಿಡುತ್ತಾರೆ, ಮೀನು ಆ ಲೆಕ್ಕಕ್ಕೆ ಬರುವುದಿಲ್ಲ. "ನಿಕು ಮೊ ಸಕಾನ ಮೊ ದಾಶಿ ಮೊ ದಮೆ" ಎಂದು ಮೂರನ್ನೂ ಹೆಸರಿಸಿ. ಎದಮಾಮೆಯೋ (ಬೇಯಿಸಿದ ಎಳೆ ಸೋಯಾ ಕಾಯಿ) ಕಡಲೆಬೀಜವೋ ಬದಲಿಗೆ ಬರಬಹುದು.

ಮೂವರಿಗಿಂತ ಹೆಚ್ಚು ಜನ ಒಟ್ಟಿಗೆ ಹೋಗಬೇಡಿ. ನಗದು ಇಟ್ಟುಕೊಳ್ಳಿ. ಕೇಳದೆ ಫೋಟೊ ತೆಗೆಯಬೇಡಿ. ಬಾಗಿಲಲ್ಲಿ ಯಾರಾದರೂ ಇಣುಕಿದರೆ ನಿಮ್ಮ ಗ್ಲಾಸ್ ಮುಗಿಸಿ ಏಳಿ. ಹಿಂದಿನ ಕಪಾಟಿನಲ್ಲಿ ಹೆಸರು ಬರೆದ ಬಾಟಲಿಗಳು ಕಂಡರೆ ಅವು ಮಾರಾಟಕ್ಕಲ್ಲ, ಖಾಯಂ ಗಿರಾಕಿಗಳು ಕೊಂಡು ಅಲ್ಲೇ ಬಿಟ್ಟುಹೋದವು.

ನಮ್ಮ ಬೆಂಗಳೂರಿನ ಬಾರುಗಳಲ್ಲಿ ಉಪ್ಪುಖಾರ ಸವರಿದ ಸೌತೆಕಾಯಿ, ಕಡಲೆಕಾಳು ಉಸ್ಲಿ ಪುಕ್ಕಟೆ ಬರುತ್ತದೆ, ನಿಜ. ಆ ಧಾರಾಳ ಇಲ್ಲಿಲ್ಲ, ಅದರ ನೆನಪಾಗದ ಸಂಜೆಯೂ ಇಲ್ಲ. ಆದರೆ ಇಂಥ ಎಂಟು ಸ್ಟೂಲಿನ ಬಾರು ನಮ್ಮಲ್ಲಿ ಯಾಕಿಲ್ಲ? ಜಪಾನಿನಲ್ಲಿ ಗ್ಲಾಸಿನಲ್ಲಿ ಮದ್ಯ ಕೊಡಲು ಬೇರೆ ಲೈಸೆನ್ಸ್ ಬೇಕಿಲ್ಲ. ಆರೋಗ್ಯ ಕಚೇರಿಯಿಂದ ಹೋಟೆಲಿನ ಪರವಾನಗಿ, ಅದಕ್ಕೆ ಕೈ ತೊಳೆಯಲು ಪ್ರತ್ಯೇಕ ಸಿಂಕು, ಆಹಾರ ನೈರ್ಮಲ್ಯದ ಒಂದು ದಿನದ ತರಬೇತಿ. ನಡುರಾತ್ರಿ ದಾಟಿ ತೆರೆದಿಡುವುದಾದರೆ ಪೊಲೀಸರಿಗೆ ಮುಂಚಿತವಾಗಿ ತಿಳಿಸಬೇಕು. ಕರ್ನಾಟಕದಲ್ಲಿ 1992ರಿಂದ ದಶಕಗಳ ಕಾಲ ಹೊಸ ಸಿಎಲ್-9 ಬಾರ್ ಲೈಸೆನ್ಸ್ ಕೊಡಲೇ ಇಲ್ಲ, ಹಳೆಯದು ಕೈ ಬದಲಾಯಿಸಿದರೆ ಕೋಟಿಗಳ ಮಾತು. ಹೋಟೆಲ್-ಲಾಡ್ಜಿಗೆ ಕೊಡುವ ಸಿಎಲ್-7 ಲೈಸೆನ್ಸ್ ಬೇಕೆಂದರೆ ಲಾಡ್ಜಿನ ರೂಮುಗಳನ್ನು ಕಟ್ಟಿಸಬೇಕು. ಮನೆ ತುಂಬ ಹಳೇ ಕನ್ನಡ ಚಿತ್ರಗೀತೆಗಳ ಗ್ರಾಮಫೋನ್ ತಟ್ಟೆ ಜೋಡಿಸಿಟ್ಟುಕೊಂಡವರು ಮಲ್ಲೇಶ್ವರದಲ್ಲೂ ಇದ್ದಾರೆ, ಬಸವನಗುಡಿಯಲ್ಲೂ ಇದ್ದಾರೆ. ಹತ್ತಡಿ ಅಂಗಡಿಯಲ್ಲಿ ಅವನ್ನು ಹಾಕುತ್ತ, ಒಂದು ಗ್ಲಾಸ್ ಬಿಯರ್, ಒಂದು ಬಟ್ಟಲು ಉಸ್ಲಿ ಕೊಡುವ ಆಸೆ ಅವರಿಗಿದ್ದರೆ, ಅದಕ್ಕೆ ನಮ್ಮ ಅಬಕಾರಿ ಇಲಾಖೆಯಲ್ಲಿ ಸುಲಭದ ದಾರಿ ಇಲ್ಲ.